ನೆತ್ತರುಗೊಡಗೆಯಿಂದ ಕುಟುಂಬ ಪಿಂಚಣಿಯವರೆಗೆ: ಮಡಿದ ಯೋಧನ ಬಾಳಸಂಗಾತಿಯ ಹಕ್ಕಿನ ಚಾರಿತ್ರಿಕ ನೆಲೆ

ಕರ್ನಾಟಕದ ಶಾಸನ ಸಂಪತ್ತಿನಲ್ಲಿ ವೀರಗಲ್ಲುಗಳಿಗೆ ವಿಶಿಷ್ಟ ಸ್ಥಾನವಿದೆ. ತುರುಗಳನ್ನು ಮರಳಿ ತರುವಾಗ, ಹೆಂಗಸರ ಮಾನರಕ್ಷಣೆಯಲ್ಲಿ, ಊರಳಿವಿನ ಹೊತ್ತಿನಲ್ಲಿ ಅಥವಾ ಒಡೆಯನ ಪಕ್ಷದಲ್ಲಿ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಈ ಕಲ್ಲುಗಳನ್ನು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ವ್ಯಾಪಕವಾಗಿ ಬೆಳಕಿಗೆ ತಂದವು. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಹಾಗೂ ಆರ್. ಶೇಷಶಾಸ್ತ್ರಿ ಅವರ ‘ಕರ್ನಾಟಕದ ವೀರಗಲ್ಲುಗಳು’ ಎಂಬ ಕೃತಿಗಳು ಈ ಕ್ಷೇತ್ರದ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿಕೊಟ್ಟಿವೆ. ವೀರನ ಸಾಹಸ, ಸ್ವಾಮಿನಿಷ್ಠೆ, ಮರಣಾನಂತರದ ಸ್ವರ್ಗಪ್ರಾಪ್ತಿಯ ನಂಬಿಕೆ, ಶಿಲ್ಪದ ವಿನ್ಯಾಸ ಮೊದಲಾದವು ಸಾಕಷ್ಟು ಚರ್ಚೆಗೆ ಒಳಗಾಗಿವೆ. ಆದರೆ ವೀರನು ಮಡಿದ ಮೇಲೆ ಅವನ ಮನೆಯಲ್ಲಿ ಉಳಿದವರಿಗೆ ಆಳುವವನು ಸಲ್ಲಿಸಬೇಕಾದುದು ಏನು, ಅದು ಯಾರ ಕೈಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಶಾಸನಗಳಲ್ಲಿ ಕಾಣುವ ಈ ಪ್ರಶ್ನೆ ಇಂದಿನ ಸೈನಿಕ ಕುಟುಂಬ ಪಿಂಚಣಿಯ ನಿಯಮಗಳಲ್ಲಿಯೂ ಮುಂದುವರಿದಿದೆ. ಮಡಿದವನ ಋಣವು ಅವನ ಮನೆತನಕ್ಕೆ ಸಲ್ಲತಕ್ಕದ್ದೋ, ಅವನೊಡನೆ ಬಾಳಿದ ವ್ಯಕ್ತಿಗೆ ಸಲ್ಲತಕ್ಕದ್ದೋ ಎಂಬ ಒಂದು ನೆಲೆಯಿಂದ ಈ ದೀರ್ಘ ಇತಿಹಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ

ಯುದ್ಧಸೇವೆಗೆ ಸಂಬಂಧಿಸಿದ ಭೂದಾನಗಳನ್ನು ಸೂಚಿಸುವ ಹಲವು ಪಾರಿಭಾಷಿಕ ಪದಗಳು ಕನ್ನಡ ಶಾಸನಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಬಾಳ್ಗಳ್ಚು ಅತ್ಯಂತ ಪ್ರಾಚೀನವಾದುದು. ಯುದ್ಧದಿಂದ ಮರಳಿದ ವೀರನ ಕತ್ತಿಯನ್ನು ತೊಳೆಯುವ ವಿಧಿಯೊಡನೆ ಕೊಡುತ್ತಿದ್ದ ದತ್ತಿ ಇದು. ಸಾಮಾನ್ಯವಾಗಿ ಕ್ರಿ.ಶ. ಸು. 450ರದೆಂದು ಪರಿಗಣಿಸಲಾಗುವ ಹಲ್ಮಿಡಿ ಶಾಸನದಲ್ಲಿಯೇ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳವಳ್ಳಿಗಳನ್ನು ಬಾಳ್ಗಳ್ಚಾಗಿ ನೀಡಿದ ಉಲ್ಲೇಖವಿದೆ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗ ಇಮ್ಮಡಿ ಬೂತುಗನು ಆತಕೂರು-12ನ್ನೂ ಬೆಳ್ವೊಲದ ಒಂದು ಗ್ರಾಮವನ್ನೂ ಬಾಳ್ಗಳ್ಚಾಗಿ ಕೊಟ್ಟನೆಂದು ತಿಳಿದುಬರುತ್ತದೆ. ಈ ಎರಡೂ ದತ್ತಿಗಳನ್ನು ಪಡೆದವರು ಜೀವಂತ ವೀರರು ಎಂಬುದನ್ನು ಗಮನಿಸಬೇಕು. ಇವು ಪರಾಕ್ರಮಕ್ಕೆ ಸಂದ ಪುರಸ್ಕಾರಗಳು.

ಮಡಿದವನ ಕಾರಣಕ್ಕಾಗಿ ಕೊಡುತ್ತಿದ್ದ ದತ್ತಿಯ ಸ್ವರೂಪ ಬೇರೆ. ಇದನ್ನು ಕಲ್ನಾಡು ಎಂದು ಪ್ರಾಚೀನ ಶಾಸನಗಳು ಕರೆದರೆ, ನಂತರದ ಶತಮಾನಗಳ ಶಾಸನಗಳಲ್ಲಿ ನೆತ್ತರುಗೊಡಗೆ, ನೆತ್ತರುಗೊಡಗಿ ಎಂಬ ರೂಪಗಳು ಬಳಕೆಗೊಂಡಿವೆ. ತಮಿಳು ಶಾಸನಗಳ ಉದಿರಪ್ಪಟ್ಟಿ ಎಂಬ ಪದಕ್ಕೂ ಇದೇ ಅರ್ಥ. ನೆತ್ತರು ಸುರಿಸಿದ್ದಕ್ಕೆ ಪ್ರತಿಯಾಗಿ ಭೂಮಿ ಎಂಬ ಈ ಹೆಸರಿನಲ್ಲಿಯೇ ಒಂದು ನ್ಯಾಯಕಲ್ಪನೆ ಅಡಗಿದೆ. ಇಲ್ಲಿ ಪ್ರಭುವಿನ ಔದಾರ್ಯಕ್ಕಿಂತ ಋಣದ ಭಾವನೆ ಪ್ರಧಾನವಾಗಿದೆ. ಅನ್ನ ಕೊಟ್ಟ ಒಡೆಯನಿಗಾಗಿ ಪ್ರಾಣ ಕೊಡುವ ಜೋಳವಾಳಿಯ ಆದರ್ಶಕ್ಕೆ ಇದು ಮರುಮುಖ. ಸೇವಕನ ಬಾಧ್ಯತೆಗೆ ಜೋಳವಾಳಿ ಹೆಸರಾದರೆ, ಒಡೆಯನ ಬಾಧ್ಯತೆಗೆ ನೆತ್ತರುಗೊಡಗೆ ಹೆಸರಾಯಿತು.

ಇಂತಹ ದತ್ತಿಗೆ ಕಲ್ಲೇ ದಾಖಲೆ. ವೀರನ ಹೆಸರು, ಆಳುತ್ತಿದ್ದ ಅರಸ, ಕಾದಾಟದ ಸ್ಥಳ, ಸಾವಿನ ಕಾರಣ, ಕೊಟ್ಟ ಭೂಮಿ ಇವಿಷ್ಟೂ ಅದರಲ್ಲಿ ಅಡಕವಾಗಿರುತ್ತಿದ್ದವು. ಸಾವಿನ ಕಾರಣವನ್ನು ಕಲ್ಲಿನಲ್ಲಿ ದಾಖಲಿಸುವುದು ಕೇವಲ ಸ್ಮರಣೆಯ ವಿಷಯವಾಗಿರಲಿಲ್ಲ, ದತ್ತಿಯ ಆಧಾರವೂ ಅದೇ ಆಗಿತ್ತು. ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯವು, ದತ್ತಿ ಕೊಟ್ಟ ಅರಸನ ಕಾಲಾನಂತರವೂ ಆ ಕೊಡುಗೆ ಉಳಿಯಬೇಕೆಂಬ ಉದ್ದೇಶವನ್ನು ವ್ಯಕ್ತಪಡಿಸುತ್ತದೆ.

ದತ್ತಿಯ ವಾರಸುದಾರರು

ಕೊಡುಗೆ ಯಾರಿಗೆ ಸಂದಿತು ಎಂಬ ಪ್ರಶ್ನೆಗೆ ಬೇಗೂರು ಶಾಸನ ಸ್ಪಷ್ಟವಾದ ಉತ್ತರವನ್ನು ಒದಗಿಸುತ್ತದೆ. ಸು. ಕ್ರಿ.ಶ. 900ರ ಈ ಶಾಸನದಂತೆ, ಗಂಗ ಎರೆಯಪ್ಪನ ಆಜ್ಞೆಯ ಮೇರೆಗೆ ಅಯ್ಯಪದೇವನಿಗೆ ನೆರವಾಗಿ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಸೈನ್ಯದೊಡನೆ ಕಾದಾಡಿ ಮಡಿದನು. ಅದನ್ನು ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು-12ನ್ನು ಕಲ್ನಾಡಾಗಿ ಕೊಟ್ಟನು. ಇಲ್ಲಿ ಭೂಮಿಯೊಡನೆ ಪಟ್ಟವೂ ಕೈಬದಲಾಗಿರುವುದು ಗಮನಾರ್ಹ. ಮಡಿದವನ ಸ್ಥಾನದಲ್ಲಿ ನಿಂತು ಅದೇ ಸೇವೆಯನ್ನು ಮುಂದುವರಿಸಬಲ್ಲ ಒಬ್ಬ ಪುರುಷನಿಗೆ ದತ್ತಿ ಸಂದಿದೆ. ಸಂದ ಋಣದ ತೀರುವಳಿಯೂ ಮುಂದಿನ ಸೇವೆಯ ಒಪ್ಪಂದವೂ ಒಂದೇ ಕ್ರಿಯೆಯಲ್ಲಿ ಬೆರೆತಿವೆ. ವೀರಗಲ್ಲಿನ ದತ್ತಿಗಳಲ್ಲಿ ಮಗ, ತಮ್ಮ ಮೊದಲಾದವರೇ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಈ ಸೇವಾಸಂಬಂಧವೇ ಮುಖ್ಯ ಕಾರಣವೆಂದು ತೋರುತ್ತದೆ.

ವೀರನ ಪತ್ನಿಯ ನೆನಪು ಬಹುಮಟ್ಟಿಗೆ ಇನ್ನೊಂದು ಬಗೆಯ ಕಲ್ಲಿನಲ್ಲಿ ಉಳಿದಿದೆ. ಮಹಾಸತಿಗಲ್ಲು ಅಥವಾ ಮಾಸ್ತಿಗಲ್ಲಿನಲ್ಲಿ ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ತೋಳು ಆಕೆ ವಿಧವೆಯಾಗಿ ಬಾಳಲಿಲ್ಲ ಎಂಬುದರ ಸಂಕೇತ. ಬೆಂಕಿಯನ್ನು ಹೊಕ್ಕವಳ ಕೈ ಕಲ್ಲಾಗಿ ನಿಂತಿತು. ಬದುಕಿ ಉಳಿದು ಮಕ್ಕಳನ್ನು ಸಾಕಿದವಳಿಗೆ ಅಂತಹ ಗುರುತೇನೂ ದೊರೆಯಲಿಲ್ಲ. ಸಹಗಮನವು ಎಲ್ಲ ಕಾಲದಲ್ಲಿಯೂ ಕೆಲವರ ಆಚರಣೆಯಾಗಿತ್ತಾದ್ದರಿಂದ ಮಡಿದ ಯೋಧರ ಪತ್ನಿಯರಲ್ಲಿ ಹೆಚ್ಚಿನವರು ಬದುಕಿಯೇ ಉಳಿದರೆಂದು ಭಾವಿಸಬೇಕಾಗುತ್ತದೆ. ಆದರೆ ಶಾಸನಗಳಲ್ಲಿ ಅವರ ಸುಳಿವು ವಿರಳ. ಆತಕೂರು ಶಾಸನವು ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ ಸಂಗತಿಯನ್ನು ದಾಖಲಿಸಿದೆ. ಬದುಕುಳಿದ ಪತ್ನಿಯರ ಬಗೆಗಿನ ಮೌನ ಇಂತಹ ದಾಖಲೆಯ ಪಕ್ಕದಲ್ಲಿ ಹೆಚ್ಚು ಎದ್ದು ಕಾಣುತ್ತದೆ.

ಈ ಮೌನಕ್ಕೆ ಸ್ತ್ರೀಯರ ಅಸಾಮರ್ಥ್ಯ ಕಾರಣವಾಗಿರಲಿಲ್ಲ ಎಂಬುದನ್ನು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ತೋರಿಸಿಕೊಡುತ್ತದೆ. ರಾಷ್ಟ್ರಕೂಟರ ಆಳ್ವಿಕೆಗೆ ಸೇರಿದ, 10ನೆಯ ಶತಮಾನದ ಆರಂಭದ ಈ ಶಾಸನದ ಪ್ರಕಾರ ನಾಗರಖಂಡ-70ರ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ಮೃತನಾದಾಗ ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ನೀಡಲಾಯಿತು. ಆಕೆ ಸಮರ್ಥವಾಗಿ ಆಡಳಿತ ನಡೆಸಿ, ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು. ಪತಿಯ ಸ್ಥಾನ ಪತ್ನಿಗೆ, ಆಕೆಯಿಂದ ಮಗಳಿಗೆ ಸಂದ ಈ ನಿದರ್ಶನ ಅಪವಾದವೇ ಹೌದು. ಆದರೂ ಅಂದಿನ ಸಮಾಜಕ್ಕೆ ಅಂತಹ ವ್ಯವಸ್ಥೆ ಅಸಾಧ್ಯವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಧರ್ಮಶಾಸ್ತ್ರದಲ್ಲಿಯೂ ಇದೇ ತೊಡಕು ಕಾಣುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು, ಗಂಡುಮಕ್ಕಳಿಲ್ಲದೆ ಮೃತನಾದವನ ಸಮಗ್ರ ಆಸ್ತಿಯೂ ಸಾಧ್ವಿಯಾದ ಪತ್ನಿಗೆ ಸಲ್ಲಬೇಕೆಂದು ಪ್ರತಿಪಾದಿಸಿತು. ಆ ಕಾಲಕ್ಕೆ ಇದು ದೊಡ್ಡ ಮಾತು. ಆದರೆ ಆತನು ಅಣ್ಣತಮ್ಮಂದಿರಿಂದ ವಿಭಕ್ತನಾಗಿರಬೇಕೆಂಬ ನಿಬಂಧನೆಯೂ ಅದರೊಡನೆ ಇತ್ತು. ಅವಿಭಕ್ತ ಕುಟುಂಬದಲ್ಲಿ ಆಸ್ತಿ ಸಹೋದರರಲ್ಲಿಯೇ ಉಳಿಯುತ್ತಿತ್ತು, ಪತ್ನಿಗೆ ದೊರೆಯುತ್ತಿದ್ದುದು ಅನ್ನವಸ್ತ್ರ ಮಾತ್ರ. ಪತ್ನಿಯ ಹಕ್ಕನ್ನು ಒಪ್ಪಿದ ಶಾಸ್ತ್ರವೇ ಮನೆತನದ ಹಕ್ಕನ್ನು ಅದರ ಮೇಲೆ ಇರಿಸಿತು.

ಭೂಮಿಯಿಂದ ನಗದಿಗೆ

ಈಸ್ಟ್ ಇಂಡಿಯಾ ಕಂಪನಿ ಮತ್ತು ಅನಂತರದ ಬ್ರಿಟಿಷ್ ಆಡಳಿತದಲ್ಲಿ ಸೈನಿಕಸೇವೆಯ ಪ್ರತಿಫಲ ಭೂಮಿಯಿಂದ ಕ್ರಮೇಣ ನಗದಿಗೆ ಬದಲಾಯಿತು. 1871ರ ಪಿಂಚಣಿ ಅಧಿನಿಯಮವು ಈ ಸ್ಥಿತ್ಯಂತರದ ನಡುವೆ ನಿಂತಿರುವ ಮಹತ್ವದ ಕಾಯಿದೆ. ಪಿಂಚಣಿಯನ್ನೂ, ಸರ್ಕಾರ ನೀಡಿದ ಹಣ ಹಾಗೂ ಭೂಕಂದಾಯದ ದತ್ತಿಗಳನ್ನೂ ಅದು ಒಂದೇ ವರ್ಗದಲ್ಲಿ ಸೇರಿಸಿತು. ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸದಂತೆ ಅದರ 11ನೆಯ ಕಲಮು ರಕ್ಷಣೆ ನೀಡಿತು. ಶಾಸನಗಳ ಶಾಪಾಶಯ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಇಲ್ಲಿ ಕಾನೂನು ವಹಿಸಿಕೊಂಡಿತು. ಆದರೆ 4ನೆಯ ಕಲಮು ಪಿಂಚಣಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದನ್ನು ನಿರ್ಬಂಧಿಸಿತು. ಪಿಂಚಣಿಯು ಸರ್ಕಾರದ ಕೃಪೆಯಾದ್ದರಿಂದ ಅದನ್ನು ಹಕ್ಕೆಂದು ಕೇಳುವಂತಿಲ್ಲ ಎಂಬುದೇ ಇದರ ತಾತ್ಪರ್ಯ.

ವಿಧವೆಯ ಸ್ಥಾನ ಇನ್ನೊಂದು ಕಾಯಿದೆಯಿಂದಲೂ ನಿರ್ಧಾರವಾಯಿತು. 1856ರ ಹಿಂದೂ ವಿಧವಾ ಪುನರ್ವಿವಾಹ ಅಧಿನಿಯಮವು ಮರುಮದುವೆಗೆ ಕಾನೂನಿನ ಮನ್ನಣೆ ನೀಡಿತಾದರೂ, ಮರುಮದುವೆಯಾದವಳು ಮೊದಲ ಪತಿಯ ಆಸ್ತಿಯಲ್ಲಿನ ಹಕ್ಕನ್ನು ತಾನು ಮೃತಳಾದಂತೆಯೇ ಕಳೆದುಕೊಳ್ಳುವಳೆಂದು 2ನೆಯ ಕಲಮಿನಲ್ಲಿ ವಿಧಿಸಿತು. ಈ ಅಧಿನಿಯಮ ರದ್ದಾದುದು 1983ರಲ್ಲಿ. ಬ್ರಿಟಿಷರ ಸೈನ್ಯಭರ್ತಿಯ ಮುಖ್ಯ ನೆಲೆಯಾಗಿದ್ದ ಪಂಜಾಬಿನಲ್ಲಿ, ಇಂದಿನ ಹರಿಯಾಣವನ್ನೂ ಒಳಗೊಂಡಂತೆ, ವಿಧವೆಯನ್ನು ಪತಿಯ ಸಹೋದರನಿಗೆ ಕೂಡಿಸುವ ಕರೇವಾ ಎಂಬ ಪದ್ಧತಿ ರೂಢಿಯಲ್ಲಿತ್ತು. ವಿಧವೆಯ ಪಾಲಿನ ಭೂಮಿ ಮನೆತನದ ಹೊರಗೆ ಹೋಗದಂತೆ ತಡೆಯಲು ಈ ಪದ್ಧತಿ ಸಾಧನವಾಗಿದ್ದ ಬಗೆಯನ್ನು ಪ್ರೇಮ್ ಚೌಧರಿ ಅವರ ಅಧ್ಯಯನಗಳು ವಿವರಿಸಿವೆ. ಕರ್ನಾಟಕದ ಅನೇಕ ಸಮುದಾಯಗಳಲ್ಲಿಯೂ ಉಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ವಿಧವೆಯರ ಮರುಮದುವೆ ಬಳಕೆಯಲ್ಲಿತ್ತು.

ಮೈಸೂರು ಸಂಸ್ಥಾನದ ಅನುಭವ ಈ ಸಂದರ್ಭದಲ್ಲಿ ಉಲ್ಲೇಖನೀಯ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಕಾರ್ಯಾಚರಣೆಯಲ್ಲಿ ಜೋಧಪುರದ ಅಶ್ವದಳದೊಡನೆ ಮೈಸೂರು ಲ್ಯಾನ್ಸರ್ಸ್ ಪಡೆಯೂ ಪಾಲ್ಗೊಂಡಿತ್ತು. ಹೀಗೆ ದೂರದೇಶದ ಯುದ್ಧಭೂಮಿಗೆ ಯೋಧರನ್ನು ಕಳುಹಿಸಿದ ಸಂಸ್ಥಾನವೇ 1933ರಲ್ಲಿ ಹಿಂದೂ ಕಾನೂನಿನಡಿ ಮಹಿಳೆಯರ ಹಕ್ಕುಗಳ ಅಧಿನಿಯಮವನ್ನು ಜಾರಿಗೆ ತಂದು, ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗುವಾಗ ಸ್ತ್ರೀಯರಿಗೂ ಪಾಲನ್ನು ಒದಗಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕುಗಳ ಅಧಿನಿಯಮ ಬಂದುದು ಅದಾದ 4 ವರ್ಷಗಳ ನಂತರ, 1937ರಲ್ಲಿ. ಮಿತಾಕ್ಷರವು ಹುಟ್ಟಿದ ನಾಡಿನಲ್ಲಿಯೇ ಅದರ ನಿಬಂಧನೆಯನ್ನು ಸಡಿಲಿಸುವ ಪ್ರಯತ್ನ ಮೊದಲಾಯಿತು ಎನ್ನಬಹುದು.

ಸ್ವಾತಂತ್ರ್ಯಾನಂತರದ ನಿಯಮಗಳು

ಸ್ವತಂತ್ರ ಭಾರತದಲ್ಲಿ ಸೈನಿಕ ಪಿಂಚಣಿಗೆ ಆಧಾರವಾದುದು 1961ರ ಭೂಸೇನಾ ಪಿಂಚಣಿ ನಿಯಮಾವಳಿ. ಸೇವೆಯ ಕಾರಣದಿಂದ ಮೃತನಾದವನ ಕುಟುಂಬಕ್ಕೆ ವಿಶೇಷ ಕುಟುಂಬ ಪಿಂಚಣಿಯನ್ನು ಅದು ಒದಗಿಸಿತು. ವಿಧವೆ ಮರುಮದುವೆಯಾಗಿರಬಾರದೆಂಬುದು ಅದರ ಸಾಮಾನ್ಯ ನಿಬಂಧನೆ. ಆದರೆ ಆಕೆ ಮೃತಪತಿಯ ಸಹೋದರನನ್ನೇ ಮದುವೆಯಾಗಿ, ಉಳಿದ ವಾರಸುದಾರರೊಡನೆ ಕೂಡಿ ಬಾಳುತ್ತಿದ್ದರೆ ಅಥವಾ ಅವರ ಪೋಷಣೆಗೆ ನೆರವಾಗುತ್ತಿದ್ದರೆ ಆ ನಿಬಂಧನೆ ಅನ್ವಯಿಸುತ್ತಿರಲಿಲ್ಲ. ಒಂದು ಪ್ರದೇಶದ ರೂಢಿ ಹೀಗೆ ಇಡೀ ದೇಶದ ಸೈನಿಕರಿಗೆ ಅನ್ವಯಿಸುವ ನಿಯಮವಾಯಿತು. ಮರುಮದುವೆಯೇ ಪಿಂಚಣಿಗೆ ಅಡ್ಡಿಯಾಗಿದ್ದರೆ ಯಾರನ್ನು ಮದುವೆಯಾದರೂ ಅದು ನಿಲ್ಲಬೇಕಾಗಿತ್ತು. ಆದುದರಿಂದ ನಿಯಮದ ನಿಜವಾದ ಕಾಳಜಿ ಹಣವು ಮನೆತನದ ಹೊರಗೆ ಹೋಗಬಾರದೆಂಬುದೇ ಆಗಿತ್ತು. ಇರುಗನಿಗೆ ಬೆಂಪೂರು ಸಂದಾಗ ಕೆಲಸ ಮಾಡಿದ ತತ್ತ್ವವೇ ಇಲ್ಲಿ ನಗದಿನ ರೂಪದಲ್ಲಿ ಮುಂದುವರಿಯಿತು.

1964ರ ಜನವರಿ 1ರಿಂದ ಜಾರಿಗೆ ಬಂದ ಕುಟುಂಬ ಪಿಂಚಣಿ ಯೋಜನೆಯು ಸಾವಿನ ಕಾರಣ ಯಾವುದೇ ಆಗಿದ್ದರೂ ಅವಲಂಬಿತರಿಗೆ ಒಂದು ಆಸರೆಯನ್ನು ಕಲ್ಪಿಸಿತು. 1971ರ ಯುದ್ಧದ ನಂತರ, 1972ರಲ್ಲಿ, ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೆ ಉದಾರೀಕೃತ ದರದ ಪಿಂಚಣಿ ಪ್ರಕಟವಾಯಿತು. ಈ ಕ್ರಮಗಳೆಲ್ಲ ಸ್ವಾಗತಾರ್ಹವಾಗಿದ್ದರೂ ಪಿಂಚಣಿಯ ಮೂಲಸ್ವರೂಪ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು ಪಿಂಚಣಿಯು ಭಿಕ್ಷೆಯೂ ಅಲ್ಲ, ಕೃಪೆಯೂ ಅಲ್ಲ, ಸಲ್ಲಿಸಿದ ಸೇವೆಯಿಂದ ಒದಗುವ ಹಕ್ಕು ಎಂಬ ನಿಲುವನ್ನು ದೃಢಪಡಿಸಿತು. 1871ರ ಕಾಯಿದೆಯ ಹಿಂದಿದ್ದ ಕಲ್ಪನೆ ಇಲ್ಲಿ ತಲೆಕೆಳಗಾಯಿತು. ಇದರ ಫಲವಾಗಿ, 1964ರ ಯೋಜನೆಯಿಂದ ಹೊರಗುಳಿದಿದ್ದ ವಿಧವೆಯರಿಗೂ ಕುಟುಂಬ ಪಿಂಚಣಿ ಸಲ್ಲಬೇಕೆಂದು 1985ರ ಪೂನಮಾಳ್ ಪ್ರಕರಣದಲ್ಲಿ ತೀರ್ಮಾನವಾಯಿತು. ನಿವೃತ್ತಿಯ ನಂತರ ಮದುವೆಯಾದ ಪತ್ನಿಯನ್ನು ಪಿಂಚಣಿಯಿಂದ ಹೊರಗಿಡುವಂತಿಲ್ಲವೆಂದು 1989ರ ಭಗವಂತಿ ಪ್ರಕರಣದಲ್ಲಿ ನ್ಯಾಯಾಲಯ ತಿಳಿಸಿತು.

ಕಾರ್ಗಿಲ್ ಯುದ್ಧದ ನಂತರ, 2001ರ ಜನವರಿ 31ರಂದು ರಕ್ಷಣಾ ಸಚಿವಾಲಯವು ಹೊರಡಿಸಿದ ಆದೇಶವು 1996ರ ಜನವರಿ 1ರಿಂದ ಪೂರ್ವಾನ್ವಯವಾಗುವಂತೆ ದರಗಳನ್ನು ನಿಗದಿಪಡಿಸಿತು. ಸೇವೆಗೆ ಸಂಬಂಧವಿಲ್ಲದ ಸಾವಿಗೆ ಸಾಮಾನ್ಯ ದರ ಗಣನಾರ್ಹ ವೇತನದ ಶೇ. 30 ಆಗಿದ್ದರೆ, ಸೇವೆಯ ಕಾರಣದಿಂದ ಸಂಭವಿಸಿದ ಸಾವಿಗೆ ಶೇ. 60, ಯುದ್ಧ ಹಾಗೂ ತತ್ಸಮಾನ ಕಾರ್ಯಾಚರಣೆಗಳಲ್ಲಿನ ಸಾವಿಗೆ ಪೂರ್ಣ ವೇತನಕ್ಕೆ ಸಮನಾದ ಮೊತ್ತ ಸಲ್ಲುತ್ತಿತ್ತು. ವೈಧವ್ಯ ಒಂದೇ ಆದರೂ ಸಾವಿನ ಕಾರಣ ಅದರ ಮೌಲ್ಯವನ್ನು ಮೂರು ಮಡಿಗೂ ಹೆಚ್ಚು ವ್ಯತ್ಯಾಸಗೊಳಿಸುತ್ತದೆ. ತುರುಗೊಳ್, ಊರಳಿವು ಎಂದು ಕಾರಣವನ್ನು ಬರೆಯಿಸಿದ ವೀರಗಲ್ಲಿನ ರೂಢಿಯೇ ಇಲ್ಲಿ ಶೇಕಡಾವಾರು ಲೆಕ್ಕವಾಗಿದೆ. ಹೆಚ್ಚಿನ ಅಪಾಯಕ್ಕೆ ಹೆಚ್ಚಿನ ಪ್ರತಿಫಲ ಎಂಬ ವಾದಕ್ಕೆ ತೂಕವಿದೆ. ಆದರೆ ಕಾರಣವನ್ನು ನಿರ್ಣಯಿಸುವ ದಾಖಲೆಗಳು ಇಲಾಖೆಯ ಬಳಿಯಲ್ಲಿಯೇ ಇರುವುದರಿಂದ, ಅವುಗಳ ಲೋಪದ ಹೊರೆ ಹೆಚ್ಚಾಗಿ ವಿಧವೆಯ ಮೇಲೆ ಬೀಳುತ್ತದೆ.

ಮರುಮದುವೆಯ ನಿಬಂಧನೆ ಹಂತಹಂತವಾಗಿ ಸಡಿಲಗೊಂಡಿತು. ಆರನೆಯ ವೇತನ ಆಯೋಗದ ನಂತರ, 2008ರ ಆದೇಶಗಳು ಮಕ್ಕಳಿಲ್ಲದ ವಿಧವೆಗೆ ಮರುಮದುವೆಯ ನಂತರವೂ ಆದಾಯಮಿತಿಗೆ ಒಳಪಟ್ಟು ಕುಟುಂಬ ಪಿಂಚಣಿಯನ್ನು ಮುಂದುವರಿಸಿದವು. ಶೌರ್ಯ ಪ್ರಶಸ್ತಿಗಳೊಡನೆ ಬರುವ ಮಾಸಿಕ ಭತ್ಯೆಯ ವಿಷಯದಲ್ಲಿ ಮಾತ್ರ ಹಳೆಯ ನಿಯಮವೇ ಉಳಿದಿತ್ತು. 1995ರ ಆದೇಶದಂತೆ, ಪ್ರಶಸ್ತಿ ಪಡೆದವನ ವಿಧವೆ ಆತನ ಸಹೋದರನನ್ನು ಮದುವೆಯಾದರೆ ಮಾತ್ರ ಭತ್ಯೆ ಮುಂದುವರಿಯುತ್ತಿತ್ತು. 2017ರ ನವೆಂಬರ್ 16ರ ಆದೇಶದಿಂದ ಈ ನಿಬಂಧನೆ ತೆಗೆದುಹಾಕಲ್ಪಟ್ಟಿತು. ಮೊತ್ತದ ದೃಷ್ಟಿಯಿಂದ ಸಣ್ಣದಾಗಿ ತೋರುವ ಈ ತಿದ್ದುಪಡಿ ತತ್ತ್ವದ ದೃಷ್ಟಿಯಿಂದ ಬಹು ದೊಡ್ಡದು. ಮಡಿದವನ ಗೌರವದಲ್ಲಿ ಪತ್ನಿಗಿರುವ ಪಾಲು ಆಕೆ ಯಾವ ಮನೆಯಲ್ಲಿ ಬಾಳುತ್ತಾಳೆ ಎಂಬುದನ್ನು ಅವಲಂಬಿಸಿಲ್ಲ ಎಂದು ಆಡಳಿತ ಒಪ್ಪಿಕೊಂಡಿತು.

ವಿಧುರರು ಮತ್ತು ಅಲ್ಪಾವಧಿಯ ಯೋಧರು

ಯೋಧನೆಂದರೆ ಪುರುಷ, ಅವಲಂಬಿತಳೆಂದರೆ ಸ್ತ್ರೀ ಎಂಬ ಗ್ರಹಿಕೆಯಲ್ಲಿಯೇ ಹಳೆಯ ನಿಯಮಗಳು ರೂಪುಗೊಂಡಿದ್ದವು. ಕುಟುಂಬ ಪಿಂಚಣಿ ಯೋಜನೆಯು ಮಹಿಳಾ ಸಿಬ್ಬಂದಿಯ ಪತಿಯನ್ನೂ ಕುಟುಂಬದ ವ್ಯಾಖ್ಯೆಯಲ್ಲಿ ಸೇರಿಸಿಕೊಂಡಿದ್ದರೂ, ಮೇಲೆ ಹೇಳಿದ 2008ರ ರಿಯಾಯಿತಿಯ ಮಾತು ಮಕ್ಕಳಿಲ್ಲದ ವಿಧವೆಯನ್ನು ಕುರಿತದ್ದೇ ಹೊರತು ವಿಧುರನನ್ನು ಕುರಿತದ್ದಲ್ಲ. ಸೇನೆಯ ವಿವಿಧ ಶಾಖೆಗಳಿಗೆ ಮಹಿಳಾ ಅಧಿಕಾರಿಗಳ ನೇಮಕ ಆರಂಭವಾದುದು 1992ರಲ್ಲಿ. ಅವರ ಅಲ್ಪಾವಧಿ ಸೇವೆ ಹೆಚ್ಚೆಂದರೆ 14 ವರ್ಷಗಳಿಗೆ ಮುಗಿಯುತ್ತಿದ್ದುದರಿಂದ, ಅಧಿಕಾರಿಗಳ ಪಿಂಚಣಿಗೆ ಬೇಕಾದ 20 ವರ್ಷಗಳ ಸೇವೆ ಅವರಿಗೆ ಪೂರ್ಣವಾಗುತ್ತಿರಲಿಲ್ಲ. ಪತ್ನಿಗೇ ಪಿಂಚಣಿ ಇಲ್ಲದಿದ್ದಾಗ ನಿವೃತ್ತಿಯ ನಂತರ ಆಕೆ ತೀರಿಕೊಂಡರೆ ಪತಿಗೆ ಕುಟುಂಬ ಪಿಂಚಣಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಮಹಿಳಾ ಅಧಿಕಾರಿಗಳಿಗೂ ಕಾಯಂ ಆಯೋಗ ನೀಡಬೇಕೆಂದು 2020ರ ಫೆಬ್ರವರಿ 17ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು. ವಿಧುರನ ಹಕ್ಕು ಪತ್ನಿಯ ಸೇವೆಗೆ ದೊರೆಯುವ ಸಮಾನ ಮನ್ನಣೆಯಿಂದಲೇ ಆರಂಭವಾಗುತ್ತದೆ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಇತಿಹಾಸಕ್ಕೆ ಹೊಸ ತಿರುವನ್ನು ನೀಡಿತು. 4 ವರ್ಷಗಳ ಅವಧಿಗೆ ಸೇರುವ ಅಗ್ನಿವೀರನು ಕರ್ತವ್ಯದಲ್ಲಿ ಮೃತನಾದರೆ 48 ಲಕ್ಷ ರೂಪಾಯಿಗಳ ವಿಮೆ, 44 ಲಕ್ಷ ರೂಪಾಯಿಗಳ ಅನುಗ್ರಹಧನ, ಉಳಿದ ಅವಧಿಯ ವೇತನ ಹಾಗೂ ಸೇವಾನಿಧಿ ಸಲ್ಲುತ್ತವೆಂದು ಯೋಜನೆಯ ನಿಯಮಗಳು ತಿಳಿಸಿದವು, ಪಿಂಚಣಿ ಇರಲಿಲ್ಲ. ಭರ್ತಿಯಾಗುವಾಗ ಅವಿವಾಹಿತನಾಗಿರಬೇಕೆಂಬ ನಿಬಂಧನೆಯಿಂದಾಗಿ ಇಲ್ಲಿ ಮುಖ್ಯವಾಗಿ ಉಳಿಯುವವರು ತಂದೆತಾಯಿಗಳು. ಇಡಿಗಂಟಿನ ಮೊತ್ತ ಸಣ್ಣದಲ್ಲ. ಆದರೆ ನೆತ್ತರುಗೊಡಗೆಯಾಗಲಿ ಪಿಂಚಣಿಯಾಗಲಿ ವರ್ಷವರ್ಷವೂ ಮರುಕಳಿಸುವ ಮೂಲಕ ರಾಜ್ಯ ಮತ್ತು ಮಡಿದವನ ಮನೆಯ ನಡುವೆ ಒಂದು ನಿರಂತರ ಸಂಬಂಧವನ್ನು ಉಳಿಸುತ್ತಿದ್ದವು. ಒಂದೇ ಬಾರಿಗೆ ಕೊಟ್ಟ ಮೊತ್ತ ಆ ಸಂಬಂಧವನ್ನು ಅಲ್ಲಿಗೇ ಮುಗಿಸುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಮಡಿದವನ ಋಣವನ್ನು ರಾಜ್ಯ ತೀರಿಸಬೇಕೆಂಬ ವಿಷಯದಲ್ಲಿ ಕನ್ನಡ ನಾಡಿನ ಪರಂಪರೆಗೆ ಎಂದೂ ಸಂದೇಹವಿರಲಿಲ್ಲ. ಆ ಋಣ ಯಾರಿಗೆ ಸಲ್ಲಬೇಕೆಂಬಲ್ಲಿಯೇ ಅನ್ಯಾಯಕ್ಕೆ ಎಡೆಯಾಯಿತು. ಬೇಗೂರಿನ ಕಲ್ನಾಡಿನಿಂದ 1961ರ ನಿಯಮಾವಳಿಯವರೆಗೆ ಮನೆತನವೇ ಋಣದ ಒಡೆತನವನ್ನು ಹೊಂದಿತ್ತು, ಪತ್ನಿಯು ಆ ಮನೆತನದಲ್ಲಿ ಉಳಿಯುವವರೆಗೆ ಮಾತ್ರ ಅದರಲ್ಲಿ ಪಾಲುಗಾರ್ತಿಯಾಗಿದ್ದಳು. ಈ ವ್ಯವಸ್ಥೆಯ ಪರವಾಗಿ ಹೇಳಬಹುದಾದ ಒಂದು ಮಾತಿದೆ. ಮಗನನ್ನು ಕಳೆದುಕೊಂಡ ಮುಪ್ಪಿನ ತಂದೆತಾಯಿಗಳೂ ಅವನ ದುಡಿಮೆಯನ್ನೇ ನಂಬಿದವರು. ಅವರ ನಷ್ಟವನ್ನು ಲಘುವಾಗಿ ಕಾಣುವಂತಿಲ್ಲ. 2024ರಲ್ಲಿ ಮೃತ ಯೋಧರ ತಂದೆತಾಯಿಗಳ ಪಾಲನ್ನು ಕುರಿತು ನಡೆದ ಸಾರ್ವಜನಿಕ ಚರ್ಚೆಯೂ ಈ ನೋವಿನಿಂದಲೇ ಹುಟ್ಟಿದ್ದು. ಆದರೆ ಅವರಿಗೆ ಸಲ್ಲಬೇಕಾದುದನ್ನು ಅವರ ಹೆಸರಿನಲ್ಲಿಯೇ ಪ್ರತ್ಯೇಕವಾಗಿ ಸಲ್ಲಿಸುವುದು ನ್ಯಾಯ. ಸೊಸೆಯ ಮುಂದಿನ ಬದುಕನ್ನು ಕಟ್ಟಿಹಾಕಿ ಅತ್ತೆಮಾವಂದಿರ ಆಸರೆಯನ್ನು ಭದ್ರಪಡಿಸುವುದು ರಾಜ್ಯವು ತಾನು ಹೊರಬೇಕಾದ ಹೊರೆಯನ್ನು ಆಕೆಯ ಮೇಲೆ ಹೊರಿಸಿದಂತೆ ಆಗುತ್ತದೆ.

ಸಾವಿರ ವರ್ಷಗಳ ಹಿಂದೆ ಬಂದಳಿಕೆಯಲ್ಲಿ ಅಪವಾದವಾಗಿ ಕಂಡ ತತ್ತ್ವ 2017ರ ಹೊತ್ತಿಗೆ ಭಾಗಶಃ ನಿಯಮವಾಗಿದೆ. ವಿಧುರನ ಹಕ್ಕು, ಸಾವಿನ ಕಾರಣದ ನಿರ್ಣಯ, ಅಲ್ಪಾವಧಿಯ ಯೋಧನ ಕುಟುಂಬದ ಆಸರೆ ಇವುಗಳ ವಿಷಯದಲ್ಲಿ ಆ ತತ್ತ್ವ ಇನ್ನೂ ಪೂರ್ಣವಾಗಿ ಅನ್ವಯಗೊಂಡಿಲ್ಲ. ವೀರಗಲ್ಲುಗಳ ಅಧ್ಯಯನವು ವೀರನ ಸಾಹಸದೊಡನೆ ದತ್ತಿ ಪಡೆದವರ ಹೆಸರು, ನಂಟು ಮತ್ತು ಷರತ್ತುಗಳನ್ನೂ ಕ್ರಮಬದ್ಧವಾಗಿ ಸಂಗ್ರಹಿಸಿದಲ್ಲಿ, ಬದುಕಿ ಉಳಿದವರ ಇತಿಹಾಸವೊಂದು ಕನ್ನಡ ಶಾಸನಗಳಿಂದಲೇ ರೂಪುಗೊಳ್ಳಬಲ್ಲದು.